ಮೆಟ್ಟಿಲಡಿಯ ಹಿಡಿಯಕ್ಕ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಕಬ್ಬಿಣದ ಸಾಮಾನಿನ ಅಂಗಡಿಯ ಪಕ್ಕದ ಓಣಿಯಲ್ಲಿ, ಮೂರಂತಸ್ತಿನ ಕಟ್ಟಡದ ಮೆಟ್ಟಿಲಡಿಯ ಪುಟ್ಟ ಕೋಣೆಯೊಂದರಲ್ಲಿ ಮಾತ್ರ ಬಲ್ಬು ಉರಿಯುತ್ತಿದೆ. ಒಳಗೆ ಅರವತ್ತೊಂದು ವರ್ಷದ ಹೆಂಗಸೊಬ್ಬರು ಸೆರಗು ಸೊಂಟಕ್ಕೆ ಬಿಗಿದು, ಸುತ್ತಿಗೆಯೊಂದನ್ನು ತಲೆಕೆಳಗಾಗಿ ಹಿಡಿದು ನಿಂತಿದ್ದಾರೆ. ಕಬ್ಬಿಣದ ತಲೆ ಕೆಳಕ್ಕೆ, ಮರದ ಹಿಡಿಯ ಬುಡ ಮೇಲಕ್ಕೆ. ಎಡಗೈಯಲ್ಲಿ ಅದನ್ನು ಗಾಳಿಯಲ್ಲೇ ತೂಗುಬಿಟ್ಟು, ಬಲಗೈಯ ಮರದ ಕೊಡತಿಯಿಂದ ಬುಡಕ್ಕೆ ಟಕ್ಕೆಂದು ಹೊಡೆಯುತ್ತಾರೆ. ಈಗ ತಲೆ ಕಳಚಿ ಕಾಲ ಮೇಲೆ ಬಿತ್ತು ಎಂದು ನೋಡುವವರ ಎದೆ ಧಸಕ್ಕೆನ್ನಬೇಕು. ಆದರೆ ಅದು ಬೀಳುವುದಿಲ್ಲ. ಒಂದೊಂದು ಪೆಟ್ಟಿಗೂ ಆ ಕಬ್ಬಿಣದ ತಲೆ ಕೂದಲೆಳೆಯಷ್ಟು ಮೇಲಕ್ಕೆ ಹತ್ತುತ್ತದೆ, ಹಿಡಿಯನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ.

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತ ಯಜಮಾನರು ಪೆಟ್ಟುಗಳನ್ನು ಎಣಿಸುತ್ತಿದ್ದಾರೆ. ನಿವೃತ್ತ ಬಸ್ ಡ್ರೈವರು. ಮೂವತ್ತು ವರ್ಷದಿಂದ ಈ ಕೆಲಸ ನೋಡುತ್ತಿದ್ದರೂ ಅವರಿಗೆ ಇದರ ಬೆರಗು ಇಳಿದಿಲ್ಲ.

"ಇಳಿಜಾರಲ್ಲಿ ಗಾಡಿ ಕೆಳಕ್ಕೇ ಹೋಗುತ್ತೆ, ನಾನು ಕಂಡಿದ್ದು ಅಷ್ಟೇ. ಇವಳ ಹತ್ರ ಮಾತ್ರ ಭಾರದ್ದು ಮೇಲಕ್ಕೆ ಹತ್ತುತ್ತೆ" ಎನ್ನುತ್ತಾರೆ.

ಹೆಂಡತಿ ಕೈ ನಿಲ್ಲಿಸದೆ ಉತ್ತರಿಸುತ್ತಾರೆ: "ಅದೇನೂ ಹತ್ತಲ್ಲ ರೀ. ಭಾರ ಇರೋದು ಕೂತ ಕಡೆಯಿಂದ ಅಲ್ಲಾಡಲ್ಲ. ಹಗುರ ಇರೋದು ಪೆಟ್ಟು ತಿಂದು ಜಾಗ ಬಿಟ್ಟು ಕೆಳಗಿಳಿಯುತ್ತೆ. ನಮ್ಮನೇಲೂ ಹಾಗೇ ತಾನೇ?" ಹೇಳುತ್ತಲೇ ಗದ್ದ ಎತ್ತಿ ಸ್ಟೂಲಿನ ಕಡೆ ತೋರಿಸುತ್ತಾರೆ. ಸ್ಟೂಲಿನ ಮೇಲಿನ ಭಾರ ಹೊಟ್ಟೆ ಕುಣಿಸಿಕೊಂಡು ನಗುತ್ತದೆ.

ನಗು ಒಂದು ಕಡೆ. ಕೈಯಲ್ಲಿರುವ ಸುತ್ತಿಗೆ ಮಾತ್ರ ಇವತ್ತು ನಗುವಿನ ವಿಷಯವಲ್ಲ. ಎಂಟು ಗಂಟೆಗೆ ಸರಿಯಾಗಿ ಅದು ಪಕ್ಕದ ಮಾರುಕಟ್ಟೆ ಬೀದಿಯಲ್ಲಿರಬೇಕು. ಅಲ್ಲಿ ರಸ್ತೆಗೆ ಕಲ್ಲು ಹಾಸುವ ಕೆಲಸ ನಡೆಯುತ್ತಿದೆ. ಸುತ್ತಿಗೆಯ ಒಡೆಯರಾದ ಮೇಸ್ತ್ರಿಯ ಬಲಗೈ ಮೇಲೆ ಐದು ತಿಂಗಳ ಹಿಂದೆ ಕಲ್ಲು ಬಿದ್ದಿತ್ತು. ಮೂಳೆ ಕೂಡಿಕೊಂಡಿದೆ, ನೋವೂ ಹೋಗಿದೆ, ಆದರೆ ಹೆಬ್ಬೆರಳು ಬಾಗುವುದಿಲ್ಲ. ಕಂಟ್ರಾಕ್ಟರು ಕೊನೆಯ ಮಾತು ಹೇಳಿದ್ದಾರೆ. ಶನಿವಾರ ಎಂಟಕ್ಕೆ ಬಂದು, ಹತ್ತು ಗಂಟೆಯೊಳಗೆ ಇಪ್ಪತ್ತು ಕಲ್ಲಿನ ಒಂದು ಸಾಲು ಕೂರಿಸಿ ತೋರಿಸಬೇಕು, ಒಂದರ ಅಂಚೂ ಹಾರಬಾರದು. ಆಗದಿದ್ದರೆ ಇನ್ನು ಮುಂದೆ ಬೇರೆಯವರು ಹಾಸುವುದಕ್ಕೆ ಕಲ್ಲು ಎತ್ತಿಕೊಡುವ ಕೆಲಸ. ಇಪ್ಪತ್ತೆಂಟು ವರ್ಷ ಬೀದಿ ಹಾಸಿದ ಮನುಷ್ಯನಿಗೆ ಕಲ್ಲು ಎತ್ತಿಕೊಡು ಎನ್ನುವುದು ಎಂಥ ಮಾತು ಎಂದು ಮೆಟ್ಟಿಲಡಿಯ ಈ ಹೆಂಗಸಿಗೆ ಚೆನ್ನಾಗಿ ಗೊತ್ತು. ಈ ಸುತ್ತಿಗೆಗೆ ಇಪ್ಪತ್ತು ದಿನದಲ್ಲಿ ಅವರು ಹಾಕುತ್ತಿರುವುದು ಮೂರನೆಯ ಹಿಡಿ. ಮೊದಲಿನ ಎರಡೂ ಸೋತಿವೆ.

ಬಡಗಿಗಳು, ಗಾರೆಯವರು, ಕಮ್ಮಾರರು, ತೋಟದ ಕೆಲಸದವರು ಎಲ್ಲರಿಗೂ ಇವರು ಹಿಡಿಯಕ್ಕ. ಸುತ್ತಿಗೆ, ಕೊಡಲಿ, ಗುದ್ದಲಿ, ಉಳಿ, ಅರ, ಯಾವುದರ ಹಿಡಿ ಮುರಿದರೂ ಈ ಮೆಟ್ಟಿಲಡಿಗೇ ಬರುತ್ತದೆ. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಬ್ಯಾಂಕಿನಲ್ಲಿ ಹೆಸರು ಕೂಗಿದರೆ ನನ್ನನ್ನಲ್ಲ ಎಂದು ಸುಮ್ಮನೆ ಕೂತಿರುತ್ತೇನೆ ಎಂದು ಅವರೇ ಹೇಳಿಕೊಂಡು ನಗುತ್ತಾರೆ.

ಮರದ ಪರಿಚಯ ಅವರಿಗೆ ಆದದ್ದು ಒಂದು ಬ್ರಷ್ ಕಾರ್ಖಾನೆಯಲ್ಲಿ. ಹತ್ತೊಂಬತ್ತನೇ ವಯಸ್ಸಿಗೆ ಸೇರಿ ಹನ್ನೆರಡು ವರ್ಷ ಬ್ರಷ್‌ಗಳ ಹಿಡಿ ಉಜ್ಜಿದರು. ದಿನಕ್ಕೆ ಆರುನೂರು. ಕಣ್ಣು ಮುಚ್ಚಿ ಮುಟ್ಟಿದರೂ ಮರದ ಎಳೆ ಯಾವ ಕಡೆ ಓಡಿದೆ ಎಂದು ಬೆರಳು ಹೇಳುವಷ್ಟು ಪಳಗಿದ ಹೊತ್ತಿಗೆ ಕಾರ್ಖಾನೆಗೆ ಬೀಗ ಬಿತ್ತು. ಮನೆಯಲ್ಲಿ ಕೈಕಟ್ಟಿ ಕೂತ ಆ ದಿನಗಳಲ್ಲಿ, ಒಂದು ಮಧ್ಯಾಹ್ನ, ಅಡುಗೆಮನೆಯ ಕಿಟಕಿಯ ಗಾಜು ಒಡೆದುಕೊಂಡು ಸುತ್ತಿಗೆಯ ತಲೆಯೊಂದು ಹಾರಿ ಬಂದು ಹಿಟ್ಟಿನ ಡಬ್ಬಿಯೊಳಗೆ ಕೂತಿತು. ಹಿಂದೆಯೇ ಪಕ್ಕದ ಮನೆಯ ಬಡಗಿ, ಬರೀ ಹಿಡಿಯನ್ನು ಕೈಯಲ್ಲಿ ಹಿಡಿದುಕೊಂಡು, ಹಲ್ಲು ಕಿರಿಯುತ್ತ ಬಾಗಿಲಲ್ಲಿ ನಿಂತಿದ್ದ.

ಸಡಿಲವಾದ ಸುತ್ತಿಗೆಯನ್ನು ಆತ ರಾತ್ರಿಯಿಡೀ ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದ್ದನಂತೆ. ಊರಿಗೆಲ್ಲ ಗೊತ್ತಿರುವ ಉಪಾಯ ಅದು. ಮರ ಉಬ್ಬುತ್ತದೆ, ತಲೆ ಬಿಗಿಯಾಗುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತದೆ ಎನ್ನುವುದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಹಿಡಿಯಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಬೈದದ್ದು ಬೈದರು, ಆದರೆ ತಲೆಯನ್ನು ವಾಪಸು ಕೊಡಲಿಲ್ಲ. ಇದಕ್ಕೆ ಸರಿಯಾದ ಹಿಡಿ ಹಾಕುವ ತನಕ ನನ್ನ ಕಿಟಕಿಗೆ ಗಾಜು ಹಾಕಿಸುವುದೂ ದಂಡ ಎಂದು, ಮುರಿದ ಮಂಚದ ಕಾಲೊಂದನ್ನು ಕೆತ್ತಿ ತಾವೇ ಹಿಡಿ ಮಾಡಿ ಬೆಣೆ ಬಡಿದರು. ಆ ಬಡಗಿ ಈಗಿಲ್ಲ, ಆತನ ಮಗನ ಕೈಯಲ್ಲಿ ಆ ಸುತ್ತಿಗೆ ಅದೇ ಹಿಡಿಯೊಂದಿಗೆ ಇನ್ನೂ ಓಡಾಡುತ್ತಿದೆ. ಇವತ್ತಿಗೂ ಯಾರಾದರೂ ಇವರೆದುರು ಬಕೆಟ್ಟು, ನೀರು, ಸುತ್ತಿಗೆ ಎಂಬ ಮೂರು ಪದಗಳನ್ನು ಒಂದೇ ಮಾತಿನಲ್ಲಿ ಆಡಿದರೆ ಬೈಗುಳ ತಿನ್ನದೆ ಹೊರಗೆ ಹೋಗುವುದಿಲ್ಲ.

ಶುರುವಿನ ಒಂದೆರಡು ವರ್ಷ ಸುಲಭವಿರಲಿಲ್ಲ. ಗಿರಾಕಿಗಳು ಬಂದು, ಒಳಗೆ ಇಣುಕಿ, ಕೆಲಸ ಮಾಡುವವರು ಎಲ್ಲಿ ಎಂದು ಕೇಳುತ್ತಿದ್ದರು. ಎದುರಿಗೆ ಉಳಿ ಹಿಡಿದು ಕೂತವಳು ಕಣ್ಣಿಗೇ ಬೀಳುತ್ತಿರಲಿಲ್ಲ. ಬಸ್ಸಿನ ರಜೆಯ ದಿನ ಬಾಗಿಲಲ್ಲಿ ಕೂರುತ್ತಿದ್ದ ಯಜಮಾನರ ಕೈಗೇ ಮುರಿದ ಕೊಡಲಿ ಕೊಟ್ಟು, ಅಣ್ಣಾ ಗಟ್ಟಿಯಾಗಿ ಹಾಕಿ ಎನ್ನುತ್ತಿದ್ದರು. ಅವರೂ ಗಂಭೀರವಾಗಿ ತಲೆಯಾಡಿಸಿ, ಕೊಡಲಿಯನ್ನು ಎರಡು ಸಲ ಹೊರಳಿಸಿ ನೋಡಿ, ಸಂಜೆ ಬನ್ನಿ ಎಂದು ಕಳಿಸಿ, ಹೆಂಡತಿಯ ಮುಂದೆ ಇಡುತ್ತಿದ್ದರು. ಮೊಳೆ ಹೊಡೆಯಲು ಹೋದರೆ ಬೆರಳು ಜಜ್ಜಿಕೊಳ್ಳುವ ಆಸಾಮಿ ಊರಿನ ದೊಡ್ಡ ಕೈಚಳಕದವರೆಂದು ಹೆಸರಾದದ್ದು ಹಾಗೆ. "ಒಳ್ಳೆ ಹೆಸರು ಬಂತು, ಕೈ ಮಾತ್ರ ಒಂಚೂರೂ ನೋಯಲಿಲ್ಲ" ಎಂದು ಅವರು ಇಂದಿಗೂ ಹೆಮ್ಮೆ ಪಡುತ್ತಾರೆ.

ಈಗ ದಿನಕ್ಕೆ ಎಂಟರಿಂದ ಹತ್ತು ಹಿಡಿ. ಸುತ್ತಿಗೆಗೆ ಮುಕ್ಕಾಲು ಗಂಟೆ, ಕೊಡಲಿಗೆ ಒಂದೂವರೆ. ರಸ್ತೆ ಬದಿಯಲ್ಲಿ ಕಡಿದುಹಾಕುವ ಹಿಪ್ಪುನೇರಳೆಯ ಕಾಂಡವೇ ಹೆಚ್ಚಾಗಿ ಒದಗುವ ಮರ. ಸೀಳಿ, ತುದಿಗೆ ಸೀಮೆಸುಣ್ಣದಲ್ಲಿ ತಾರೀಖು ಬರೆದು, ಮೆಟ್ಟಿಲುಗಳ ಕೆಳಗಿನ ಸಂದಿಯಲ್ಲಿ ಪೇರಿಸಿಡುತ್ತಾರೆ. ನಾಲ್ಕು ವರ್ಷ ತುಂಬದ ತುಂಡನ್ನು ಮುಟ್ಟುವುದಿಲ್ಲ. ಹಸಿ ಮರದ ಹಿಡಿ ಹಾಕಿಕೊಟ್ಟರೆ ಅದು ಒಣಗಿ ಕುಗ್ಗುತ್ತದೆ, ಇನ್ಯಾರದೋ ಹಿಟ್ಟಿನ ಡಬ್ಬಿಗೆ ಇನ್ನೊಂದು ತಲೆ ಹಾರುತ್ತದೆ. ಮುರಿದ ಹಿಡಿಯ ಚೂರನ್ನು ತಲೆಯ ತೂತಿನಿಂದ ಬೆಂಕಿಯಲ್ಲಿ ಸುಟ್ಟು ತೆಗೆಯುವವರೂ ಇದ್ದಾರೆ. ಇವರು ಒಪ್ಪುವುದಿಲ್ಲ, ಉಕ್ಕಿನ ಹದ ಕೆಡುತ್ತದೆ. ಕೊರೆದು, ಬಡಿದು, ತಾಳ್ಮೆಯಿಂದ ಹೊರದಬ್ಬುತ್ತಾರೆ. ಮಣಿಕಟ್ಟು ಆಗಾಗ ಊದಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ಬೆರಳು ಮಡಿಸಲು ಬಿಸಿನೀರು ಬೇಕು. ಪ್ಲಾಸ್ಟಿಕ್ ಹಿಡಿಯ ಸುತ್ತಿಗೆಗಳು ಬಂದ ಮೇಲೆ ಗಿರಾಕಿ ಅರ್ಧಕ್ಕೆ ಇಳಿದಿದ್ದಾರೆ, ಹಿಡಿ ಮುರಿದರೆ ಜನ ಸುತ್ತಿಗೆಯನ್ನೇ ಎಸೆಯುತ್ತಾರೆ. ಇದನ್ನೆಲ್ಲ ಅವರು ಹೇಳುವುದು ದೂರಿನ ದನಿಯಲ್ಲಲ್ಲ, ಬಿಸಿಲು ಜಾಸ್ತಿ ಎಂದು ಹೇಳುವಷ್ಟೇ ಸಲೀಸಾಗಿ.

ಹಿಡಿಯಕ್ಕನ ನಿಜವಾದ ಖ್ಯಾತಿ ಇರುವುದು ಹಳೆಯ ಹಿಡಿಯಲ್ಲಿ. ಮುರಿದದ್ದನ್ನು ಬಿಸಾಡಿ ಬಂದವರನ್ನು ಅವರು ವಾಪಸು ಕಳಿಸುತ್ತಾರೆ, ತಿಪ್ಪೆಯಲ್ಲಾದರೂ ಹುಡುಕಿ ತನ್ನಿ ಎನ್ನುತ್ತಾರೆ. ವರ್ಷಗಟ್ಟಲೆ ಹಿಡಿದ ಕೈ ಮರವನ್ನು ಎಲ್ಲಿ ಸವೆಸಿದೆ, ಹೆಬ್ಬೆರಳು ಎಲ್ಲಿ ಗುಳಿ ಮಾಡಿದೆ, ಅಂಗೈ ಎಲ್ಲಿ ನುಣುಪಾಗಿಸಿದೆ ಎನ್ನುವುದನ್ನು ದಾರದಿಂದ ಅಳೆದು, ಹೊಸ ಹಿಡಿಗೆ ಹಾಗೆಯೇ ಇಳಿಸುತ್ತಾರೆ. ಹೊಸ ಹಿಡಿ ಒಂದು ವಾರ ದುಡಿದು, ಗಿರಾಕಿ ಬಂದು ಸರಿಯಿದೆ ಎನ್ನುವ ತನಕ ಹಳೆಯದನ್ನು ಮೂಲೆಯ ಡ್ರಮ್ಮಿನಲ್ಲಿ ಜೋಪಾನ ಮಾಡುತ್ತಾರೆ. ಆಮೇಲೆ ಅದು ಯಜಮಾನರ ಟೀ ಒಲೆಗೆ. ಕೆಲವರು ಸುತ್ತಿಗೆ ಕೈಗೆ ತಗೊಂಡು, ಏನಕ್ಕಾ, ಬದಲಾಯಿಸಲೇ ಇಲ್ಲವಲ್ಲ ಎಂದು ಗೊಣಗುತ್ತಾರಂತೆ. ಅದಕ್ಕಿಂತ ದೊಡ್ಡ ಮೆಚ್ಚುಗೆ ಈ ಕಸುಬಿನಲ್ಲಿ ಇಲ್ಲ. ಅಂಥ ದಿನ ಹಿಡಿಯಕ್ಕ ಎರಡು ಲೋಟ ಟೀ ಕುಡಿಯುತ್ತಾರೆ.

ಅವರು ಎಡವಿದ್ದೂ ಇಲ್ಲೇ.

ಮೇಸ್ತ್ರಿ ಇಪ್ಪತ್ತು ದಿನದ ಹಿಂದೆ ಬಂದಾಗ ಕೈಯಲ್ಲಿದ್ದುದು ಸೋದರಮಾವ ಕೊಟ್ಟ ಎರಡು ಕಿಲೋ ತೂಕದ ಸುತ್ತಿಗೆ. ಕೈ ಮೇಲೆ ಬಿದ್ದ ಕಲ್ಲೇ ಅದರ ಹಿಡಿಯನ್ನೂ ಸೀಳಿತ್ತು. ಹದಿನಾಲ್ಕು ವರ್ಷದ ಹಿಂದೆ ಹಿಡಿಯಕ್ಕನೇ ಹಾಕಿದ್ದ ಹಿಡಿ, ಹೆಬ್ಬೆರಳಿನ ಜಾಗದಲ್ಲಿ ಕಡಲೆಬೇಳೆ ಇಡುವಷ್ಟು ಗುಳಿ ಬಿದ್ದಿತ್ತು. ಅವರು ಅದನ್ನು ಅಳೆದರು, ಇಳಿಸಿದರು, ಗುಳಿಯನ್ನೂ ಬಿಡದೆ ಕೆತ್ತಿದರು. ಕೊಟ್ಟ ಮೇಲೆ ಒಂದು ವಾರಕ್ಕೆ ಮೇಸ್ತ್ರಿ ಮುಖ ಚಿಕ್ಕದು ಮಾಡಿಕೊಂಡು ವಾಪಸು ಬಂದರು. ಪೆಟ್ಟು ಕೊಟ್ಟಾಗ ಸುತ್ತಿಗೆ ಕೈಯಲ್ಲೇ ಹೊರಳುತ್ತದೆ, ಹನ್ನೊಂದು ಕಲ್ಲುಗಳ ಅಂಚು ಹಾರಿಸಿದೆ, ತಪ್ಪು ಹಿಡಿಯದಲ್ಲ, ಕೈಯದು ಎಂದು ಅವರೇ ಹೇಳಿದರು. ಹಿಡಿಯಕ್ಕನಿಗೆ ಅವಮಾನವಾಯಿತು. ಅಳತೆಯಲ್ಲಿ ಎಲ್ಲೋ ತಪ್ಪಿದ್ದೇನೆಂದು ಹಳೆಯದನ್ನು ಡ್ರಮ್ಮಿನಿಂದ ತೆಗೆದು, ಈ ಸಲ ಹತ್ತು ಕಡೆ ದಾರ ಸುತ್ತಿ, ಎರಡು ದಿನ ಕೂತು ಇನ್ನೊಂದು ಮಾಡಿದರು. ಎರಡು ಹಿಡಿಯನ್ನೂ ಪಕ್ಕದಲ್ಲಿಟ್ಟರೆ ಅವಳಿ ಮಕ್ಕಳು. ಅದೂ ಹೊರಳಿತು.

ನಿನ್ನೆ ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಬಂದದ್ದು ಹಿಡಿ ಕೇಳುವುದಕ್ಕಲ್ಲ, ಸುತ್ತಿಗೆಯನ್ನು ಇಲ್ಲೇ ಬಿಟ್ಟು ಹೋಗುವುದಕ್ಕೆ. ಯಾರಿಗಾದರೂ ಬೇಕಾದವರಿಗೆ ಕೊಟ್ಟುಬಿಡಿ ಅಕ್ಕ ಎಂದರು. ಇಂಥ ಹೊತ್ತಿನಲ್ಲಿ ಯಜಮಾನರಿಗೆ ಗೊತ್ತಿರುವುದು ಒಂದೇ ದಾರಿ. ಅವರು ಟೀ ಮಾಡಿ ತಂದು ಕೈಗಿಟ್ಟರು.

ಮೇಸ್ತ್ರಿ ಲೋಟ ಹಿಡಿದರು. ನಾಲ್ಕು ಬೆರಳು ಲೋಟವನ್ನು ಬಳಸಿ ಅಂಗೈಗೆ ಒತ್ತಿಕೊಂಡಿದ್ದವು. ಹೆಬ್ಬೆರಳು ಯಾವ ಕೆಲಸಕ್ಕೂ ಬಾರದೆ, ನೆಟ್ಟಗೆ, ಲೋಟದ ಪಕ್ಕಕ್ಕೆ ಆನಿಕೊಂಡಿತ್ತು. ಒಂದು ಹನಿಯೂ ಚೆಲ್ಲಲಿಲ್ಲ. ಹಿಡಿಯಕ್ಕ ಆ ಲೋಟವನ್ನೇ ನೋಡುತ್ತ ಕೂತರು. ಟೀ ಮುಗಿಯುವುದನ್ನು ಕಾಯದೆ ಎದ್ದು, ಎರಡನೆಯ ಹಿಡಿಗೆ ಇದ್ದಿಲ ಪುಡಿ ಬಳಿದು, ಹೊರಗೆ ಬಿದ್ದಿದ್ದ ಕಲ್ಲಿಗೆ ಹತ್ತು ಪೆಟ್ಟು ಹಾಕಿಸಿದರು. ನೋಡಿದರೆ, ಅಷ್ಟು ಮುತುವರ್ಜಿಯಿಂದ ಕೆತ್ತಿದ ಹೆಬ್ಬೆರಳಿನ ಗುಳಿಯಲ್ಲಿ ಇದ್ದಿಲು ಹಚ್ಚಿದ್ದು ಹಚ್ಚಿದ ಹಾಗೆಯೇ ಇತ್ತು. ಆ ಬೆರಳು ಗುಳಿಯನ್ನು ಮುಟ್ಟಿಯೇ ಇರಲಿಲ್ಲ.

"ಹಳೆ ಹಿಡಿನೇ ನೋಡ್ಕೊಂಡು ಕೂತೆ, ಎದುರಿಗಿದ್ದ ಕೈ ನೋಡ್ಲಿಲ್ಲ. ಐದು ತಿಂಗಳ ಹಿಂದಿನ ಕೈಗೆ ಹಿಡಿ ಮಾಡಿ, ಇವತ್ತಿನ ಕೈಗೆ ಕೊಟ್ಟೆ. ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ಬೈದು ಅಟ್ಟಿರ್ತಿದ್ದೆ" ಎನ್ನುತ್ತಾರೆ ಹಿಡಿಯಕ್ಕ. ಮೇಸ್ತ್ರಿಗೆ ಅಲ್ಲೇ ಹೇಳಿಬಿಟ್ಟರಂತೆ, ತಪ್ಪು ನಿಮ್ಮ ಕೈಯದಲ್ಲ, ನನ್ನ ಕಣ್ಣಿನದು ಎಂದು.

ಹೆಬ್ಬೆರಳಿಲ್ಲದೆ ಹಿಡಿಯಬೇಕಾದರೆ ಹಿಡಿ ದಪ್ಪ ಇರಬೇಕು. ಗುಂಡಗಿದ್ದರೆ ಹೊರಳುತ್ತದೆ, ಆದ್ದರಿಂದ ಮೊಟ್ಟೆಯಾಕಾರದ್ದಾಗಬೇಕು. ಪಕ್ಕದಲ್ಲಿ ಹೆಬ್ಬೆರಳು ನೆಟ್ಟಗೆ ಮಲಗಲು ಚಪ್ಪಟೆ ಜಾಗ, ಕೆಳಗೆ ಕಿರುಬೆರಳು ಜಾರದಂತೆ ಒಂದು ಉಬ್ಬು. ಅಷ್ಟು ದಪ್ಪದ ಒಣಗಿದ ತುಂಡು ಸಂದಿಯಲ್ಲಿ ಒಂದೇ ಒಂದಿತ್ತು. ಏಳು ವರ್ಷದ ಹಿಂದಿನ ತಾರೀಖಿನದು. ಅದನ್ನು ಹಿಡಿಯಕ್ಕ ತಮ್ಮ ಸ್ವಂತ ಸುತ್ತಿಗೆಗೆಂದು ಎತ್ತಿಟ್ಟಿದ್ದರು. ಊರಿಗೆಲ್ಲ ಹಿಡಿ ಹಾಕುವವರ ಸುತ್ತಿಗೆಯ ಹಿಡಿ ಸೀಳಿ, ತಂತಿ ಸುತ್ತಿಸಿಕೊಂಡು ಎಷ್ಟೋ ವರ್ಷವಾಗಿದೆ. ಗಿರಾಕಿಗಳು ಅದನ್ನು ತೋರಿಸಿ ಗೇಲಿ ಮಾಡುತ್ತಾರೆ. ಶುಕ್ರವಾರ ಆ ತುಂಡಿಗೂ ಬಾಚಿ ಬಿತ್ತು. ನಾಲ್ಕು ಸಲ ಇದ್ದಿಲು ಬಳಿದು, ನಾಲ್ಕು ಸಲ ಮೇಸ್ತ್ರಿಯ ಕೈಗೆ ಕೊಟ್ಟು, ಮಸಿ ಎಲ್ಲಿ ಅಳಿಸುತ್ತದೋ ಅಲ್ಲಿ ತುಸು ಹೆರೆದು, ಎಲ್ಲಿ ಉಳಿಯುತ್ತದೋ ಅಲ್ಲಿಗೂ ಕೈ ತಾಗುವ ತನಕ ತಿದ್ದುತ್ತ ಸಂಜೆಯಾಯಿತು.

ಈಗ ಶನಿವಾರ ಆರೂವರೆ. ತಲೆ ಹತ್ತಬೇಕಾದಷ್ಟು ಹತ್ತಿದೆ. ಹಿಡಿಯ ತುದಿಯ ಸೀಳಿಗೆ ಮರದ ಬೆಣೆ, ಅದರ ಮೇಲೆ ಅಡ್ಡಕ್ಕೆ ಸಣ್ಣ ಕಬ್ಬಿಣದ ಬೆಣೆ. ಉಪ್ಪುಕಾಗದದಲ್ಲಿ ಉಜ್ಜಿ, ಅಗಸೆ ಎಣ್ಣೆ ಸವರುತ್ತಾರೆ. ವಾರ್ನಿಷ್ ಹಚ್ಚುವುದಿಲ್ಲ, ಅಂಗೈಗೆ ಬೊಬ್ಬೆ ಬರುತ್ತದೆ. ಮುಗಿದ ವಸ್ತುವನ್ನು ಮೇಲೆತ್ತಿ ಹಿಡಿದಾಗ ಯಜಮಾನರು ಬಾಯಿ ಬಿಗಿ ಹಿಡಿಯಲು ನೋಡುತ್ತಾರೆ, ಆಗುವುದಿಲ್ಲ.

"ಏನೇ ಇದು, ಹಿಡಿನೋ ಸೋರೆಕಾಯಿನೋ?"

ನಿಜ ಹೇಳಬೇಕೆಂದರೆ ಸೋರೆಕಾಯಿಯೇ. ಮೂವತ್ತು ವರ್ಷದಲ್ಲಿ ಇಷ್ಟು ಅಂದಗೆಟ್ಟ ಹಿಡಿ ಈ ಕೋಣೆಯಿಂದ ಹೊರಗೆ ಹೋಗಿಲ್ಲ. ಹಿಡಿಯಕ್ಕ ಅದನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡೇ ಮಾರುಕಟ್ಟೆ ಬೀದಿಗೆ ನಡೆಯುತ್ತಾರೆ. ಯಜಮಾನರು ಅಂಗಡಿಯ ಬಾಗಿಲು ಅರ್ಧ ಎಳೆದು ಹಿಂದೆಯೇ ಬರುತ್ತಾರೆ.

ಎಂಟು ಗಂಟೆಗೆ ಕಂಟ್ರಾಕ್ಟರು ಗಡಿಯಾರ ನೋಡುತ್ತ ನಿಂತಿದ್ದಾರೆ. ಮೇಸ್ತ್ರಿ ಮಂಡಿಯೂರಿ ಮೊದಲ ಕಲ್ಲು ಎಳೆದುಕೊಳ್ಳುತ್ತಾರೆ. ಒಂದು ಪೆಟ್ಟು, ಕೈ ನಿಲ್ಲಿಸಿ ಹಿಡಿ ನೋಡುತ್ತಾರೆ. ಇನ್ನೊಂದು ಪೆಟ್ಟು, ಮತ್ತೆ ಹಿಡಿ ನೋಡುತ್ತಾರೆ. ಅಂಚು ಹಾರುವುದಿಲ್ಲ, ಆದರೆ ಕೆಲಸ ಆಮೆಯ ನಡಿಗೆ. ಮೂರು ಕಲ್ಲು ಕೂರುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ. ಕಂಟ್ರಾಕ್ಟರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಹಿಡಿಯಕ್ಕ ತರಕಾರಿ ಅಂಗಡಿಯ ಕಂಬಕ್ಕೆ ಒರಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾರೆ. ಅವರಿಗೆ ಭಯವಾಗಿದೆ, ಅದನ್ನು ಮುಚ್ಚಿಡುವ ಗೋಜಿಗೂ ಹೋಗುವುದಿಲ್ಲ.

ಐದನೆಯ ಕಲ್ಲಿನ ಹೊತ್ತಿಗೆ ಮೇಸ್ತ್ರಿ ಹಿಡಿ ನೋಡುವುದನ್ನು ಬಿಡುತ್ತಾರೆ. ಕಣ್ಣು ಸಾಲಿಗೆ ಕಟ್ಟಿದ ದಾರದ ಮೇಲೆ, ಕಲ್ಲಿನ ಅಂಚಿನ ಮೇಲೆ. ಎಂಟನೆಯದರ ಹೊತ್ತಿಗೆ ಎಡಗೈ ತಾನಾಗಿ ಮುಂದಿನ ಕಲ್ಲಿಗೆ ಚಾಚುತ್ತದೆ. ಹನ್ನೆರಡರ ಹೊತ್ತಿಗೆ, ಮರಳು ತಂದವನನ್ನು ನಿಧಾನ ಮಾಡಿದ್ದಕ್ಕೆ ಗದರುತ್ತಾರೆ. ಆ ಗದರಿಕೆ ಕೇಳಿದ್ದೇ ಹಿಡಿಯಕ್ಕನ ಮುಖ ಅರಳುತ್ತದೆ. ಹತ್ತಕ್ಕೆ ಏಳು ನಿಮಿಷ ಇರುವಾಗ ಇಪ್ಪತ್ತನೆಯ ಕಲ್ಲು ಕೂರುತ್ತದೆ. ಕಂಟ್ರಾಕ್ಟರು ಕಟ್ಟಿಗೆಯ ಪಟ್ಟಿ ಇಟ್ಟು, ಬಗ್ಗಿ, ಒಂದೇ ಕಣ್ಣಲ್ಲಿ ಸಾಲು ನೋಡುತ್ತಾರೆ. ಎದ್ದು, ಎರಡನೆಯ ಸಾಲಿಗೆ ದಾರ ಕಟ್ಟಿ ಎಂದು ಆಳುಗಳಿಗೆ ಕೈಮಾಡುತ್ತಾರೆ. ಮೇಸ್ತ್ರಿ ಆಗಲೇ ಮಂಡಿ ಸರಿಸಿ ಆ ಕಡೆ ಹೊರಟಿದ್ದಾರೆ.

ಹಿಡಿಯಕ್ಕ ಹತ್ತಿರ ಹೋಗುತ್ತಾರೆ.

"ಮೇಸ್ತ್ರಿ, ಹಿಡಿ ಹೇಗಿದೆ?"

ಮೇಸ್ತ್ರಿ ತಲೆ ಎತ್ತುತ್ತಾರೆ, ಯಾರೋ ಸಂಬಂಧವಿಲ್ಲದ್ದು ಕೇಳಿದ ಹಾಗೆ.

"ಯಾವ ಹಿಡಿ?"

ಕೇಳಿದ ಮೇಲೆ ಅವರಿಗೇ ನೆನಪಾಗಿ, ಕೈ ನೋಡಿಕೊಂಡು, ನಾಚಿಕೊಂಡು ನಗುತ್ತಾರೆ. ಹಿಡಿಯಕ್ಕ ಉತ್ತರ ಕಾಯದೆ ಬೆನ್ನು ತಿರುಗಿಸಿ ನಡೆದಾಗಿದೆ. ಓಣಿಯ ತಿರುವಿನ ತನಕ ಸೆರಗಿನಿಂದ ಎರಡು ಸಲ ಮುಖ ಒರೆಸಿಕೊಳ್ಳುತ್ತಾರೆ. ಬೆವರು ಎನ್ನುತ್ತಾರೆ. ಜೊತೆಗಿರುವ ಯಜಮಾನರು, ಹೌದೌದು, ಬಹಳ ಸೆಕೆ ಎನ್ನುತ್ತಾರೆ.

ಅಂಗಡಿಗೆ ಬಂದವರೇ ಹೊಸದಾಗಿ ಸೀಳಿದ ದಪ್ಪ ತುಂಡೊಂದಕ್ಕೆ ಸೀಮೆಸುಣ್ಣದಲ್ಲಿ ಇವತ್ತಿನ ತಾರೀಖು ಬರೆದು ಸಂದಿಗೆ ತಳ್ಳುತ್ತಾರೆ. ಇದು ತಮ್ಮ ಸುತ್ತಿಗೆಗೆ. ದಪ್ಪ ತುಂಡು, ನಾಲ್ಕು ವರ್ಷ ಸಾಲದು, ಐದು ಬೇಕು. ಅಷ್ಟರಲ್ಲಿ ಅರವತ್ತಾರು ತುಂಬುತ್ತದೆ. ಅಷ್ಟು ದಿನ ತಂತಿ ಸುತ್ತಿದ್ದರಲ್ಲೇ ನಡೆಯುತ್ತದೆ, ಇದಕ್ಕೂ ಇನ್ಯಾರಾದರೂ ಗಂಟು ಬೀಳದಿದ್ದರೆ ಸಾಕು. ಇಷ್ಟೇ ಅವರ ಆಸೆ.

ಮಧ್ಯಾಹ್ನದ ಬಿಡುವಿನಲ್ಲಿ ಮೇಸ್ತ್ರಿ ಮೈಯೆಲ್ಲ ಕಲ್ಲಿನ ಧೂಳು ಮಾಡಿಕೊಂಡು ಮೆಟ್ಟಿಲಡಿಗೆ ಬರುತ್ತಾರೆ. ನಿಯಮದ ಪ್ರಕಾರ ಹಳೆಯ ಹಿಡಿ ಇನ್ನೂ ಒಂದು ವಾರ ಡ್ರಮ್ಮಿನಲ್ಲಿರಬೇಕು. ಮೇಸ್ತ್ರಿ ತಾವೇ ಅದನ್ನು ಹೊರಗೆ ತೆಗೆಯುತ್ತಾರೆ. ಬಾಗದ ಹೆಬ್ಬೆರಳನ್ನು ಒಮ್ಮೆ ಆ ಗುಳಿಯ ಮೇಲೆ ಇಟ್ಟು ನೋಡುತ್ತಾರೆ. ಕೂರುವುದಿಲ್ಲ. ಹಿಡಿಯನ್ನು ಯಜಮಾನರ ಕೈಗೆ ಕೊಡುತ್ತಾರೆ.

"ಒಲೆಗೆ ಹಾಕಿ ಅಣ್ಣ. ಟೀ ಮಾಡಿ, ಹೊಟ್ಟೆ ಹಸೀತಿದೆ."

ಹದಿನಾಲ್ಕು ವರ್ಷ ಬೆವರು ಕುಡಿದ ಮರ ಚಟಚಟನೆ ಹತ್ತಿಕೊಳ್ಳುತ್ತದೆ. ಮೂರು ಲೋಟ ಟೀ ಬರುತ್ತದೆ. ಮೇಸ್ತ್ರಿ ತಮ್ಮದನ್ನು ನಾಲ್ಕು ಬೆರಳಲ್ಲಿ ಅಂಗೈಗೆ ಒತ್ತಿ ಹಿಡಿದು ಊದಿ ಕುಡಿಯುತ್ತಾರೆ. ಹಿಡಿಯಕ್ಕ ಗಂಡನ ಕಡೆ ತಿರುಗಿ, ಮೇಸ್ತ್ರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಾರೆ:

"ನಂಗೆ ಇನ್ನೊಂದು ಲೋಟ ಹಾಕ್ರೀ. ಯಾವ ಹಿಡಿ ಅಂದ್ರು."